ನಮ್ಮವರ ಮುಂದೆ ನಿಂತು



ಮಾತಿಗೆ ಬರ ಬಿದ್ದ ಕಾಲ ಇದು ಅಂತ ಯಾರೂ ಹೇಳಲಾರರು. ಟೀವಿ ಹಾಕಿದರೆ ಮಾತು, ಫೋನು ತೆಗೆದರೆ ಮಾತು, ಬಸ್ಸಿನಲ್ಲಿ ಕೂತರೆ ಹಿಂದಿನ ಸೀಟಿನವರ ಮಾತು. ಜಾತಿ, ಪಕ್ಷ, ಧರ್ಮ, ಭಾಷೆ, ನೀರು, ಗಡಿ, ಯಾವುದರ ಬಗ್ಗೆಯೂ ಜನ ಬಾಯಿ ಮುಚ್ಚಿಕೊಂಡು ಕೂತಿಲ್ಲ. ಹಾಗಿದ್ದ ಮೇಲೆ, ಮನಸ್ಸಿಗೆ ಸರಿ ಕಂಡದ್ದನ್ನು ಹೇಳಲು ಧೈರ್ಯ ಬೇಕು ಅಂತ ನಾನು ಇವತ್ತು ಹೇಳಹೊರಟರೆ ನಿಮಗೆ ಸೋಜಿಗವಾಗಬಹುದು.

ಸ್ವಲ್ಪ ಗಮನ ಕೊಟ್ಟು ಕೇಳಿನೋಡಿ. ಈ ಮಾತಿನಲ್ಲಿ ಹೆಚ್ಚಿನದು ಆ ಜಾಗದಲ್ಲಿ ಇಲ್ಲದವರನ್ನು ಕುರಿತದ್ದು. ನಮ್ಮ ಪಕ್ಷದವರ ಸಭೆಯಲ್ಲಿ ಆ ಪಕ್ಷದವರ ಬಗ್ಗೆ, ನಮ್ಮ ಜಾತಿಯ ಸಮಾವೇಶದಲ್ಲಿ ಇನ್ನೊಂದು ಜಾತಿಯ ಬಗ್ಗೆ, ನಮ್ಮ ಮನೆಯ ಊಟದ ಹೊತ್ತಿನಲ್ಲಿ ಅವರ ಮನೆಯ ಊಟದ ಬಗ್ಗೆ. ಅದಕ್ಕೆ ಚಪ್ಪಾಳೆ ಬೀಳುತ್ತದೆ. ಕೇಳಿದವರು ಹೌದು ಹೌದು ಅನ್ನುತ್ತಾರೆ. ಹೇಳಿದವರು ಇನ್ನಷ್ಟು ನಮ್ಮವರಾಗುತ್ತಾರೆ. ಅಂಥ ಮಾತಿಗೆ ಗಂಟಲು ಬೇಕು, ಧೈರ್ಯ ಬೇಕಾಗಿಲ್ಲ. ಆದರೆ ಅದೇ ಸಭೆಯಲ್ಲಿ, ಅದೇ ಊಟದ ಸಾಲಿನಲ್ಲಿ ಒಬ್ಬರು ಎದ್ದು, ‘ನಾವು ಹೇಳುತ್ತಿರುವುದು ಸರಿಯಲ್ಲ, ನಾವು ಮಾಡುತ್ತಿರುವುದು ಅನ್ಯಾಯ’ ಎಂದುಬಿಟ್ಟರೆ? ಎದುರಿಗೆ ಕೂತವರು ಯಾರೋ ಪರಕೀಯರಲ್ಲ. ಅಣ್ಣ ತಮ್ಮಂದಿರು, ಗುರುಗಳು, ಕಷ್ಟಕ್ಕೆ ಸಾಲ ಕೊಟ್ಟವರು, ನಾಳೆ ನಮ್ಮ ಮಗಳ ಮದುವೆಗೆ ಬಂದು ಓಡಾಡಬೇಕಾದವರು. ನಾಲಿಗೆ ಏಳದೆ ಹೋಗುವುದು ಅಲ್ಲಿ. ಇವತ್ತಿನ ನನ್ನ ಮಾತು ಆ ಜಾಗದ ಬಗ್ಗೆ.

ಇದಕ್ಕೆ ನಾನು ಕಂಡುಕೊಂಡ ದೊಡ್ಡ ಉದಾಹರಣೆ ದಕ್ಷಿಣ ಆಫ್ರಿಕಾದ್ದು. ಆ ದೇಶ ಎಂದ ಕೂಡಲೇ ನಮಗೆ ನೆಲ್ಸನ್ ಮಂಡೇಲಾ ನೆನಪಾಗುತ್ತಾರೆ, ಅದು ಸಹಜ. ತುಳಿತಕ್ಕೆ ಒಳಗಾದವರು ಎದ್ದು ನಿಂತ ಆ ಕಥೆ ನಮಗೆ ಗೊತ್ತು. ತುಳಿಯುತ್ತಿದ್ದವರ ಮನೆಯೊಳಗೆ ಹುಟ್ಟಿ, ಆ ಮನೆಯವರ ಮುಂದೆಯೇ ನಿಂತು ‘ಇದು ಪಾಪ’ ಎಂದವರ ಹೆಸರು ನಮ್ಮಲ್ಲಿ ಅಷ್ಟಾಗಿ ಕೇಳಿಬಂದಿಲ್ಲ. ಬೇಯರ್ಸ್ ನೌಡೆ ಅಂತ ಅವರ ಹೆಸರು. ಹುಟ್ಟಿದ್ದು 1915ರಲ್ಲಿ. ಡಚ್ ಮೂಲದ ಬಿಳಿಯರು, ಆಫ್ರಿಕಾನ್ಸ್ ಭಾಷೆ ಆಡುವವರು, ‘ಆಫ್ರಿಕಾನರ್’ ಎಂದು ಕರೆದುಕೊಂಡವರು ಅವರ ಜನ; ಬೋಯರರು ಎಂದರೂ ಇವರೇ. ಮಗನಿಗೆ ತಂದೆ ಇಟ್ಟದ್ದು ಬ್ರಿಟಿಷರ ವಿರುದ್ಧ ಕಾದಾಡಿದ ಬೋಯರ್ ಸೇನಾಪತಿಯೊಬ್ಬನ ಹೆಸರು.

ಆ ಜನಾಂಗದ ಗಾಯವನ್ನು ಅರ್ಥಮಾಡಿಕೊಳ್ಳದೆ ನೌಡೆ ಅವರ ಧೈರ್ಯ ನಮಗೆ ಅರ್ಥವಾಗುವುದಿಲ್ಲ. 1899ರಿಂದ 1902ರವರೆಗೆ ಬ್ರಿಟಿಷರಿಗೂ ಬೋಯರರಿಗೂ ಯುದ್ಧ ನಡೆಯಿತು. ಬ್ರಿಟಿಷ್ ಸೈನ್ಯ ಹೊಲಮನೆಗಳನ್ನು ಸುಟ್ಟು, ಹೆಂಗಸರು ಮಕ್ಕಳನ್ನು ಶಿಬಿರಗಳಿಗೆ ತುಂಬಿತು. ಅಲ್ಲಿ ರೋಗದಿಂದ, ಹಸಿವಿನಿಂದ ಸುಮಾರು 26,000 ಬೋಯರ್ ಹೆಂಗಸರು ಮಕ್ಕಳು ಸತ್ತರು. ಬೇರೆ ಶಿಬಿರಗಳಲ್ಲಿ ಕಪ್ಪು ಜನರೂ ಸಾವಿರಗಟ್ಟಲೆ ಸತ್ತರು. ಅವರ ಲೆಕ್ಕ ಬಹುಕಾಲ ಯಾರಿಗೂ ಬೇಕಾಗಲಿಲ್ಲ. ಸೋತು, ಬಡವಾಗಿ, ಭಾಷೆಯನ್ನೂ ಕೀಳೆನ್ನಿಸಿಕೊಂಡ ಆ ಬಿಳಿಯ ಜನ ‘ನಮಗೆ ನಾವೇ’ ಎಂದು ಒಟ್ಟಾದರು. 1918ರಲ್ಲಿ ಬ್ರೂಡರ್‌ಬಾಂಡ್ ಎಂಬ ಸಂಘ ಹುಟ್ಟಿತು. ಸಹೋದರರ ಕೂಟ ಎಂದು ಅದರ ಅರ್ಥ. ಸ್ವಲ್ಪ ಕಾಲದಲ್ಲೇ ಅದು ಗುಪ್ತ ಸಂಘವಾಯಿತು. ಅದನ್ನು ಕಟ್ಟಿದವರಲ್ಲಿ ಬೇಯರ್ಸ್ ನೌಡೆಯ ತಂದೆಯೂ ಒಬ್ಬರು. ಮುಂದೆ ದೇಶವನ್ನು ಆಳಿದ ಪ್ರಧಾನಿಗಳು, ಪಾದ್ರಿಗಳು, ಶಾಲೆಯ ಹೆಡ್ಮಾಸ್ತರರು, ಪತ್ರಿಕೆಯ ಸಂಪಾದಕರು ಆ ಕೂಟದ ಸದಸ್ಯರಾಗಿದ್ದರು.

ನೋವು ಉಂಡ ಜನ ಒಗ್ಗಟ್ಟಾಗುವುದರಲ್ಲಿ ತಪ್ಪೇನಿದೆ? ಏನೂ ಇಲ್ಲ. ತೊಂದರೆ ಬರುವುದು ಆಮೇಲೆ. ಅಧಿಕಾರ ಕೈಗೆ ಬಂದ ಮೇಲೂ ಹಳೆಯ ನೋವೇ ಎಲ್ಲಕ್ಕೂ ಸಮರ್ಥನೆಯಾಗುತ್ತದೆ. ಒಳಗಿನಿಂದ ಪ್ರಶ್ನೆ ಎತ್ತಿದವನು ‘ಸತ್ತ ನಮ್ಮ ತಾಯಂದಿರಿಗೆ ದ್ರೋಹ ಮಾಡಿದವನು’ ಆಗುತ್ತಾನೆ. ಒಡೆದ ಸಮಾಜಗಳಲ್ಲೆಲ್ಲ ನಾನು ಕಂಡದ್ದು ಇದನ್ನೇ. ಪ್ರತಿಯೊಂದು ಗುಂಪಿಗೂ ತನ್ನದೊಂದು ನಿಜವಾದ ಗಾಯ ಇರುತ್ತದೆ. ಆ ಗಾಯದ ಹೆಸರಿನಲ್ಲೇ ತನ್ನವರ ಬಾಯಿ ಕಟ್ಟುತ್ತದೆ.

1948ರಲ್ಲಿ ಆಫ್ರಿಕಾನರರ ನ್ಯಾಷನಲ್ ಪಾರ್ಟಿ ಅಧಿಕಾರಕ್ಕೆ ಬಂತು. ಡಿ.ಎಫ್. ಮಲಾನ್ ಪ್ರಧಾನಿಯಾದರು. ಆಮೇಲೆ ಒಂದರ ಹಿಂದೊಂದು ಕಾನೂನು. ಬಣ್ಣ ಬೇರೆಯಾದವರು ಮದುವೆಯಾಗುವಂತಿಲ್ಲ, ಒಂದೇ ಬಡಾವಣೆಯಲ್ಲಿ ಇರುವಂತಿಲ್ಲ, ಕಪ್ಪು ಜನ ಪಾಸ್ ಪುಸ್ತಕ ಇಲ್ಲದೆ ಊರಿನಲ್ಲಿ ಓಡಾಡುವಂತಿಲ್ಲ. ಜೋಹಾನ್ಸ್‌ಬರ್ಗಿನ ಪೇಜ್‌ವ್ಯೂ ಎಂಬಲ್ಲಿ ಅಂಗಡಿ ಇಟ್ಟು ಬದುಕಿದ್ದ ಭಾರತೀಯ ಮೂಲದವರನ್ನು ಕೂಡ ಎಬ್ಬಿಸಿ ದೂರದ ಲೆನೇಷಿಯಾಕ್ಕೆ ಸಾಗಿಸಿದರು. ಇದಕ್ಕೆಲ್ಲ ಡಚ್ ರಿಫಾರ್ಮ್ಡ್ ಚರ್ಚು ಬೈಬಲಿನ ಆಧಾರ ಒದಗಿಸಿತು. ಆ ಆಧಾರದ ಚರಿತ್ರೆಯೇ ಒಂದು ಪಾಠ. 1857ರಲ್ಲಿ ಚರ್ಚಿನ ಮಹಾಸಭೆ, ಬಣ್ಣದವರ ಜೊತೆ ಕೂತು ಪ್ರಾರ್ಥನೆ ಮಾಡಲಾರದ ಕೆಲವರ ದೌರ್ಬಲ್ಯಕ್ಕಾಗಿ ಬೇರೆ ಬೇರೆ ಪ್ರಾರ್ಥನೆಗೆ ಅನುಮತಿ ಕೊಟ್ಟಿತ್ತು. ಅದು ದೌರ್ಬಲ್ಯ ಅಂತ ಅವರಿಗೇ ಗೊತ್ತಿತ್ತು. ನೂರು ವರ್ಷ ಕಳೆಯುವುದರೊಳಗೆ ಆ ದೌರ್ಬಲ್ಯ ದೇವರ ಇಚ್ಛೆಯಾಗಿ ಕೂತಿತ್ತು. ಮೊದಲ ದಿನ ಯಾರೂ ಬೇಡ ಎನ್ನದಿದ್ದರೆ ರಿಯಾಯಿತಿ ರೂಢಿಯಾಗುತ್ತದೆ, ರೂಢಿ ಶಾಸ್ತ್ರವಾಗುತ್ತದೆ.

ನೌಡೆ ಆ ಚರ್ಚಿನ ಪಾದ್ರಿಯಾದರು. 1940ರಲ್ಲಿ, ಇಪ್ಪತ್ತೈದರ ವಯಸ್ಸಿನಲ್ಲಿ, ಬ್ರೂಡರ್‌ಬಾಂಡಿನ ಅತ್ಯಂತ ಕಿರಿಯ ಸದಸ್ಯರಾದರು. ಒಳ್ಳೆಯ ಮಾತುಗಾರ, ಮೇಲಕ್ಕೆ ಏರುತ್ತಿದ್ದ ಮನುಷ್ಯ. ಇಪ್ಪತ್ತಕ್ಕೂ ಹೆಚ್ಚು ವರ್ಷ ಅವರು ಆ ಕೂಟದ ಒಳಗಿದ್ದರು. ಇದನ್ನು ನಾನು ಒತ್ತಿ ಹೇಳುತ್ತಿದ್ದೇನೆ, ಏಕೆಂದರೆ ಧೈರ್ಯವಂತರ ಕಥೆ ಕೇಳುವಾಗ ಅವರು ಹುಟ್ಟುತ್ತಲೇ ಹಾಗಿದ್ದರು ಎಂದು ನಂಬಿ ನಾವು ತಪ್ಪಿಸಿಕೊಳ್ಳುತ್ತೇವೆ. ನೌಡೆ ಹಾಗಿರಲಿಲ್ಲ. ಐವತ್ತರ ದಶಕದಲ್ಲಿ ಅವರಿಗೆ ಅನುಮಾನ ಹುಟ್ಟಿತು. ಬೈಬಲನ್ನು ಮತ್ತೆ ಕೂತು ಓದಿದರು. ವರ್ಣಭೇದಕ್ಕೆ ಅಲ್ಲಿ ಆಧಾರ ಸಿಗಲಿಲ್ಲ. ಕಪ್ಪು ಜನರ ಸಭೆಗಳಲ್ಲಿ ಸೇವೆ ಮಾಡುತ್ತಿದ್ದ ಕಿರಿಯ ಪಾದ್ರಿಗಳು ಬಂದು ಅಲ್ಲಿನ ಸ್ಥಿತಿ ಹೇಳಿದರು. ಕೇಳಿ ನಂಬಲಿಲ್ಲ. ಅವರ ಜೊತೆ ಹೋಗಿ ನೋಡಿದರು. ಒಡೆದುಹೋದ ಸಂಸಾರಗಳನ್ನು, ಗಂಡಸರನ್ನು ಕೂಡಿಹಾಕಿದ ಕೂಲಿ ಹಾಸ್ಟೆಲುಗಳನ್ನು ಕಣ್ಣಾರೆ ಕಂಡರು.

ನನಗೆ ಈ ಭಾಗ ತುಂಬ ಮುಖ್ಯ ಅನ್ನಿಸುತ್ತದೆ. ತನ್ನ ನಂಬಿಕೆಯನ್ನು ಗಟ್ಟಿಯಾಗಿ ಹೇಳುವುದು ತನ್ನಷ್ಟಕ್ಕೆ ದೊಡ್ಡ ಗುಣವಲ್ಲ. ತಪ್ಪು ನಂಬಿಕೆಯನ್ನೂ ಜನ ಎದೆಯೊಡ್ಡಿ ಹೇಳುತ್ತಾರೆ. ಹೋಗಿ ನೋಡಿದ್ದೇನೆಯೇ, ಆ ಜನರ ಬಾಯಿಂದಲೇ ಕೇಳಿದ್ದೇನೆಯೇ, ನಾನು ಓದಿದ್ದು ಸರಿಯೇ ಎಂದು ತನ್ನನ್ನು ತಾನು ಮೊದಲು ಪರೀಕ್ಷೆಗೆ ಒಡ್ಡಿಕೊಂಡವನ ಮಾತಿಗೆ ಮಾತ್ರ ತೂಕ ಬರುತ್ತದೆ. ನೌಡೆ ಮೊದಲು ಅಂಜಿದ್ದು ತನ್ನ ಜನಕ್ಕಲ್ಲ, ತಾನು ತಿಳಿಯದೆ ಮಾತಾಡಿಬಿಟ್ಟೇನೋ ಎಂಬುದಕ್ಕೆ.

1960ರ ಮಾರ್ಚ್ 21ರಂದು ಶಾರ್ಪ್‌ವಿಲ್ ಎಂಬ ಊರಿನಲ್ಲಿ ಪಾಸ್ ಕಾನೂನಿನ ವಿರುದ್ಧ ಸೇರಿದ್ದ ಜನರ ಮೇಲೆ ಪೊಲೀಸರು ಗುಂಡು ಹಾರಿಸಿದರು. 69 ಜನ ಸತ್ತರು. ಅನೇಕರಿಗೆ ಗುಂಡು ತಗುಲಿದ್ದು ಬೆನ್ನಿಗೆ. ಅದೇ ಡಿಸೆಂಬರಿನಲ್ಲಿ ಜೋಹಾನ್ಸ್‌ಬರ್ಗಿನ ಕಾಟ್ಸ್‌ಲೋ ಎಂಬಲ್ಲಿ ಚರ್ಚುಗಳ ವಿಶ್ವ ಮಂಡಳಿ ಒಂದು ಸಮಾಲೋಚನೆ ಕರೆಯಿತು. ಬಣ್ಣದ ಕಾರಣಕ್ಕೆ ಯಾವ ವಿಶ್ವಾಸಿಯನ್ನೂ ಯಾವ ಚರ್ಚಿನಿಂದಲೂ ಹೊರಗಿಡುವಂತಿಲ್ಲ, ಬೇರೆ ಬಣ್ಣದವರ ನಡುವಿನ ಮದುವೆಗೆ ಶಾಸ್ತ್ರದ ನಿಷೇಧ ಇಲ್ಲ ಎಂಬಂಥ ಮಾತುಗಳು ಅಲ್ಲಿನ ಹೇಳಿಕೆಯಲ್ಲಿದ್ದವು. ನೌಡೆ ಜೊತೆಗೆ ಅವರ ಚರ್ಚಿನ ಬೇರೆ ಹಿರಿಯರೂ ಅದಕ್ಕೆ ಒಪ್ಪಿದರು. ಪ್ರಧಾನಿ ಹೆಂಡ್ರಿಕ್ ಫರ್ವುಡ್ ಅವರಿಗೆ ಇದನ್ನು ಸಹಿಸಲಾಗಲಿಲ್ಲ. ಒತ್ತಡ ಬಂತು. 1961ರಲ್ಲಿ ಚರ್ಚಿನ ಮಹಾಸಭೆಗಳು ಹೇಳಿಕೆಯನ್ನು ತಳ್ಳಿಹಾಕಿದವು. ಜೊತೆಗೆ ಒಪ್ಪಿದ್ದವರು ಹಿಂದೆ ಸರಿದರು. ನೌಡೆ ಸರಿಯಲಿಲ್ಲ.

ಅವರು ಒಂದು ಪತ್ರಿಕೆ ಶುರುಮಾಡಿದರು, ಆಮೇಲೆ 1963ರಲ್ಲಿ ಎಲ್ಲ ಬಣ್ಣದ ಕ್ರೈಸ್ತರೂ ಒಟ್ಟಿಗೆ ಕೂರುವ ಕ್ರಿಶ್ಚಿಯನ್ ಇನ್‌ಸ್ಟಿಟ್ಯೂಟ್ ಎಂಬ ಸಂಸ್ಥೆ. ಅದರ ನಿರ್ದೇಶಕರಾಗಬೇಕಾದರೆ ಪಾದ್ರಿಯ ಪದವಿ ಬಿಡಬೇಕು ಎಂದು ಚರ್ಚು ಹೇಳಿತು. ಆ ವರ್ಷ ಸೆಪ್ಟೆಂಬರ್ 22ರ ಭಾನುವಾರ ಜೋಹಾನ್ಸ್‌ಬರ್ಗಿನ ಆಸ್‌ಫೂಯಲ್‌ಕಾಪ್ ಚರ್ಚಿನಲ್ಲಿ ನೌಡೆ ತಮ್ಮ ಸಭೆಗೆ ಕೊನೆಯ ಪ್ರವಚನ ಕೊಟ್ಟರು. ಅಪೊಸ್ತಲರ ಕೃತ್ಯಗಳ ಐದನೆಯ ಅಧ್ಯಾಯದಿಂದ, ಮನುಷ್ಯರ ಆಜ್ಞೆಗಿಂತ ದೇವರ ಆಜ್ಞೆ ದೊಡ್ಡದೆಂದು ಪೇತ್ರ ಮತ್ತು ಸಂಗಡಿಗರು ಹೇಳುವ ಭಾಗವನ್ನು ಆರಿಸಿಕೊಂಡಿದ್ದರು. ಎದುರಿಗೆ ಕೂತಿದ್ದವರು ಶ್ರೀಮಂತ, ವಿದ್ಯಾವಂತ, ಪ್ರಭಾವಿ ಆಫ್ರಿಕಾನರರು. ಅವರ ಮಕ್ಕಳಿಗೆ ದೀಕ್ಷಾಸ್ನಾನ ಕೊಟ್ಟವರು, ಅವರ ತಂದೆತಾಯಂದಿರನ್ನು ಮಣ್ಣುಮಾಡಿದವರು ಇದೇ ನೌಡೆ. ಅವರ ಭಾಷೆಯಲ್ಲೇ, ಅವರು ನಂಬಿದ ಗ್ರಂಥವನ್ನೇ ಕೈಯಲ್ಲಿ ಹಿಡಿದು ಮಾತಾಡಿದರು. ಹೊರಗಿನವರ ತರ್ಕ ತರಲಿಲ್ಲ. ‘ನೀವು ಕೆಟ್ಟವರು’ ಎಂದು ಸಾರಲಿಲ್ಲ. ನಾವೆಲ್ಲ ಒಪ್ಪಿಕೊಂಡ ಗ್ರಂಥ ನಮ್ಮಿಂದ ಬಯಸುವುದೇ ಬೇರೆ ಎಂದರು.

ತನ್ನವರನ್ನು ತಿದ್ದಬೇಕೆನ್ನುವವರು ತನ್ನವರ ಒಳಗೆ ನಿಂತು ಮಾತಾಡಬೇಕು ಎಂಬುದು ಅವರಿಂದ ನಾನು ಕಲಿತ ಸಂಗತಿ. ನಮ್ಮ ವಚನಕಾರರು ಕನ್ನಡದಲ್ಲಿ, ಸಂತೆಯಲ್ಲಿ ಕೇಳುವ ಕನ್ನಡದಲ್ಲಿ ಮಾತಾಡಿದ್ದು ಸುಮ್ಮನೆ ಅಲ್ಲ.

ನೌಡೆ ಇದಕ್ಕೆ ತೆತ್ತ ಬೆಲೆ ಸಣ್ಣದಲ್ಲ. ಬ್ರೂಡರ್‌ಬಾಂಡಿನ ಕೆಲವು ಗುಪ್ತ ಕಾಗದಗಳನ್ನು ಅವರು ತಾವು ನಂಬಿದ್ದ ದೇವಶಾಸ್ತ್ರ ವಿದ್ವಾಂಸರೊಬ್ಬರಿಗೆ ತೋರಿಸಿದ್ದರು. ಅವು ಅಲ್ಲಿಂದ ಪತ್ರಿಕೆಗೆ ಹೋಗಿ ಅಚ್ಚಾದವು. ಗುಟ್ಟು ಕಾಯುವೆ ಎಂದು ಪ್ರಮಾಣ ಮಾಡಿದ್ದ ಮನುಷ್ಯ ಮಾತಿಗೆ ತಪ್ಪಿದ ಎಂದು ಜನ ಕಿಡಿಕಾರಿದರು. ಆ ಆಪಾದನೆಯನ್ನು ನಾನು ಹಗುರವಾಗಿ ತೆಗೆದುಕೊಳ್ಳುವುದಿಲ್ಲ. ಆದರೆ ದೇಶದ ಚರ್ಚು, ಶಾಲೆ, ಸರ್ಕಾರ ಮೂರನ್ನೂ ಕತ್ತಲಲ್ಲಿ ಕೂತು ನಡೆಸುವ ಕೂಟಕ್ಕೆ ಕೊಟ್ಟ ಪ್ರಮಾಣ, ಆ ಕತ್ತಲಿನಿಂದ ನೊಂದವರ ಹಕ್ಕಿಗಿಂತ ದೊಡ್ಡದು ಎಂದು ನನಗೆ ತೋರುವುದಿಲ್ಲ. ಹಳೆಯ ಸ್ನೇಹಿತರು ದೂರವಾದರು. ಹೆಂಡತಿ ಇಲ್ಸೆ ಜೊತೆಗೆ ಉಳಿದರು. 1977ರ ಅಕ್ಟೋಬರ್ 19ರಂದು, ಕಪ್ಪು ಜನರ ನಾಯಕ ಸ್ಟೀವ್ ಬೀಕೊ ಪೊಲೀಸರ ವಶದಲ್ಲಿ ಸತ್ತು ತಿಂಗಳು ಕಳೆದ ಮೇಲೆ, ಸರ್ಕಾರ ನೌಡೆ ಅವರ ಸಂಸ್ಥೆಯನ್ನೂ ಅವರನ್ನೂ ನಿಷೇಧಿಸಿತು. ಏಳು ವರ್ಷ. ಆ ಏಳು ವರ್ಷ ಅವರು ಒಮ್ಮೆಗೆ ಒಬ್ಬರಿಗಿಂತ ಹೆಚ್ಚು ಜನರನ್ನು ಭೇಟಿಯಾಗುವಂತಿಲ್ಲ. ಅವರು ಆಡಿದ ಮಾತನ್ನು ಯಾರೂ ಅಚ್ಚು ಹಾಕುವಂತಿಲ್ಲ. ಮಾತನ್ನೇ ಜೀವನ ಮಾಡಿಕೊಂಡ ಮನುಷ್ಯನಿಗೆ ಇದಕ್ಕಿಂತ ದೊಡ್ಡ ಶಿಕ್ಷೆ ಯಾವುದು? ಜನ ಒಬ್ಬೊಬ್ಬರಾಗಿ ಬಂದರು. ಒಬ್ಬರು ಎದ್ದು ಹೋದ ಮೇಲೆ ಇನ್ನೊಬ್ಬರು.

1984ರಲ್ಲಿ ನಿಷೇಧ ತೆರವಾಯಿತು. ಮುಂದಿನ ವರ್ಷ ಡೆಸ್ಮಂಡ್ ಟುಟು ಅವರ ನಂತರ ದಕ್ಷಿಣ ಆಫ್ರಿಕಾದ ಚರ್ಚುಗಳ ಮಂಡಳಿಯ ಪ್ರಧಾನ ಕಾರ್ಯದರ್ಶಿಯಾದರು. 1990ರಲ್ಲಿ ಮಂಡೇಲಾ ಬಿಡುಗಡೆಯಾಗಿ ಸರ್ಕಾರದ ಜೊತೆ ಮೊದಲ ಮಾತುಕತೆ ನಡೆದಾಗ ಆಫ್ರಿಕನ್ ನ್ಯಾಷನಲ್ ಕಾಂಗ್ರೆಸ್ಸಿನ ನಿಯೋಗದಲ್ಲಿ ಈ ಆಫ್ರಿಕಾನರ್ ಪಾದ್ರಿಯೂ ಕೂತಿದ್ದರು. ಜೋಹಾನ್ಸ್‌ಬರ್ಗಿನಲ್ಲಿ ಪ್ರಧಾನಿ ಮಲಾನ್ ಹೆಸರಿದ್ದ ದೊಡ್ಡ ರಸ್ತೆಗೆ ಈಗ ಬೇಯರ್ಸ್ ನೌಡೆ ಹೆಸರಿದೆ. ಅವರು ತೀರಿಕೊಂಡದ್ದು 2004ರಲ್ಲಿ.

ಇಷ್ಟು ದೂರದ ಕಥೆ ನಮಗೇಕೆ ಎಂದು ಕೇಳುವವರಿದ್ದರೆ, ಮಂಗಳೂರಿಗೆ ಬನ್ನಿ. ನೌಡೆ ಹುಟ್ಟುವುದಕ್ಕೂ ಮೊದಲೇ ಅಲ್ಲಿ ಕುದ್ಮುಲ್ ರಂಗರಾವ್ ಎಂಬ ವಕೀಲರಿದ್ದರು. 1859ರಲ್ಲಿ ಕಾಸರಗೋಡಿನ ಕುದ್ಮುಲಿನಲ್ಲಿ ಸಾರಸ್ವತ ಬ್ರಾಹ್ಮಣರ ಮನೆಯಲ್ಲಿ ಹುಟ್ಟಿದವರು. ಬ್ರಾಹ್ಮ ಸಮಾಜದ ವಿಚಾರಕ್ಕೆ ಒಲಿದವರು. 1892ರಲ್ಲಿ ದಲಿತ ಮಕ್ಕಳಿಗಾಗಿ ಚಿಲಿಂಬಿಯಲ್ಲಿ ಶಾಲೆ ತೆರೆದರು. ಕೂಲಿ ಬಿಟ್ಟು ಶಾಲೆಗೆ ಬರುವ ಮಕ್ಕಳಿಗೆ ದಿನಕ್ಕೆ ಎರಡು ಪೈಸೆ, ಮಧ್ಯಾಹ್ನದ ಊಟ. 1897ರಲ್ಲಿ ಡಿಪ್ರೆಸ್ಡ್ ಕ್ಲಾಸಸ್ ಮಿಷನ್ ಕಟ್ಟಿದರು. ಅವರ ಜಾತಿಯವರು ಬಹಿಷ್ಕಾರ ಹಾಕಿದರು. ಆ ಕಾಲದಲ್ಲಿ ಬಹಿಷ್ಕಾರ ಎಂದರೆ ಏನೆಂದು ಇವತ್ತಿನ ಮಕ್ಕಳಿಗೆ ತಿಳಿಸಿ ಹೇಳಬೇಕು. ನಿಮ್ಮ ಮನೆಯ ನೀರು ಯಾರೂ ಕುಡಿಯರು, ನಿಮ್ಮ ಮನೆಯ ಹೆಣ್ಣು ಯಾರೂ ತರರು, ಸತ್ತರೆ ಹೊರಲು ನಾಲ್ಕು ಹೆಗಲು ಬಾರವು. ರಂಗರಾಯರು ಹೆದರಿ ಹಿಂದೆ ಬರಲಿಲ್ಲ. ಮಗಳು ರಾಧಾಬಾಯಿಯನ್ನು ಜಾತಿ ಬಿಟ್ಟು ಪಿ. ಸುಬ್ಬರಾಯನ್ ಅವರಿಗೆ ಕೊಟ್ಟು ಮದುವೆ ಮಾಡಿದರು. ಆತ ಮುಂದೆ ಮದರಾಸು ಪ್ರಾಂತದ ಪ್ರಧಾನಮಂತ್ರಿಯಾದರು. ರಾಧಾಬಾಯಿ ಲಂಡನ್ನಿನ ದುಂಡುಮೇಜಿನ ಪರಿಷತ್ತಿಗೆ ಹೋಗಿ ಕೂತರು. 1928ರಲ್ಲಿ ರಂಗರಾಯರು ತೀರಿಕೊಂಡಾಗ, ಅವರ ಇಚ್ಛೆಯಂತೆ, ಅವರ ಅಂತ್ಯಕ್ರಿಯೆ ನಡೆದದ್ದು ಯಾರಿಗಾಗಿ ಅವರು ಜಾತಿಯನ್ನು ಕಳೆದುಕೊಂಡಿದ್ದರೋ ಆ ಜನರ ಕೈಯಿಂದ.

ರಂಗರಾಯರದು ಮಾತಿಗಿಂತ ಕೆಲಸದ ಧೈರ್ಯ. ಮಾತಿನಿಂದಲೇ ಬಿರುಗಾಳಿ ಎದ್ದ ಸಂದರ್ಭ ನಮ್ಮ ನೆನಪಿನ ಅಳವಿನಲ್ಲೇ ಇದೆ. 1973ರ ನವೆಂಬರಿನಲ್ಲಿ ದೇವರಾಜ ಅರಸು ಸಂಪುಟದ ಮಂತ್ರಿ ಬಿ. ಬಸವಲಿಂಗಪ್ಪನವರು ಮೈಸೂರಿನ ಸಭೆಯೊಂದರಲ್ಲಿ, ಕನ್ನಡ ಸಾಹಿತ್ಯದಲ್ಲಿ ಬಹುಪಾಲು ಬೂಸಾ ಎಂಬ ಅರ್ಥದ ಮಾತು ಆಡಿದರು. ತಲೆಯ ಮೇಲೆ ಮಲ ಹೊರುವ ಪದ್ಧತಿಯನ್ನು ನಿಲ್ಲಿಸಲು ಹೊರಟ ಮಂತ್ರಿ ಅವರು. ದಲಿತರ ಬದುಕು ಆ ಸಾಹಿತ್ಯದಲ್ಲಿ ಎಲ್ಲಿದೆ ಎಂಬ ನೋವು ಆ ಮಾತಿನ ಹಿಂದಿತ್ತು. ಗಲಭೆ ಎದ್ದಿತು. ದಲಿತ ವಿದ್ಯಾರ್ಥಿಗಳ ಮೇಲೆ ಹಲ್ಲೆಗಳಾದವು. ಬಸವಲಿಂಗಪ್ಪ ರಾಜೀನಾಮೆ ಕೊಡಬೇಕಾಯಿತು. ಆ ಬಿಸಿಯಿಂದಲೇ ನಮ್ಮ ದಲಿತ ಚಳವಳಿ, ದಲಿತ ಸಾಹಿತ್ಯ ಹೊಸ ಹುರುಪು ಪಡೆದವು.

ನಾನು ಇಲ್ಲಿ ನಿಲ್ಲಬಯಸುವುದು ಕುವೆಂಪು ಅವರ ಹತ್ತಿರ. ಅವರು ಆಗ ಕನ್ನಡದ ಅತ್ಯಂತ ದೊಡ್ಡ ಕವಿ, ಜ್ಞಾನಪೀಠ ಪಡೆದ ಮೊದಲ ಕನ್ನಡಿಗ, ರಾಷ್ಟ್ರಕವಿ. ಬೂಸಾ ಎನಿಸಿಕೊಂಡ ಸಾಹಿತ್ಯದ ಮನೆಗೆ ಅವರೇ ಹಿರಿಯರು. ಅವಮಾನವಾಯಿತು ಎಂದು ಅವರು ಗುಡುಗಿದ್ದರೆ ಇಡೀ ನಾಡು ಅವರ ಹಿಂದೆ ನಿಲ್ಲುತ್ತಿತ್ತು. ಸುಮ್ಮನಿದ್ದರೂ ಯಾರೂ ಕೇಳುತ್ತಿರಲಿಲ್ಲ. ಅವರು ಬಸವಲಿಂಗಪ್ಪನವರ ಮಾತಿನಲ್ಲಿ ಸತ್ಯವಿದೆ ಎಂದು ಅವರ ಬೆಂಬಲಕ್ಕೆ ನಿಂತರು. ಪೆಟ್ಟು ತಿಂದವರ ಪರವಾಗಿ, ಪೆಟ್ಟು ಕೊಡುತ್ತಿದ್ದವರು ಯಾರನ್ನು ತಮ್ಮ ಹೆಮ್ಮೆ ಎಂದುಕೊಂಡಿದ್ದರೋ ಅವರೇ ಮಾತಾಡಿದರು. ಮೊದಲ ದನಿ ಎತ್ತಿದವರ ಹೆಸರು ಚರಿತ್ರೆಯಲ್ಲಿ ಉಳಿಯುತ್ತದೆ. ಎರಡನೆಯ ದನಿ ಮಾಡುವ ಕೆಲಸವನ್ನು ನಾವು ಸಾಕಷ್ಟು ಲೆಕ್ಕಕ್ಕೆ ಹಿಡಿದಿಲ್ಲ.

ಅದನ್ನು ಲೆಕ್ಕಕ್ಕೆ ಹಿಡಿದ ಒಬ್ಬರಿದ್ದರು. ಸಾಲಮನ್ ಆಶ್ ಅಂತ, ಪೋಲೆಂಡಿನಲ್ಲಿ ಹುಟ್ಟಿ ಅಮೆರಿಕದಲ್ಲಿ ನೆಲೆಸಿದ ಮನೋವಿಜ್ಞಾನಿ. 1950ರ ದಶಕದ ಆರಂಭದಲ್ಲಿ ಅವರು ಮಾಡಿದ ಪ್ರಯೋಗ ತೀರ ಸರಳ. ಒಂದು ಕಾರ್ಡಿನಲ್ಲಿ ಒಂದು ಗೆರೆ, ಇನ್ನೊಂದರಲ್ಲಿ ಮೂರು ಗೆರೆ. ಮೂರರಲ್ಲಿ ಯಾವುದು ಆ ಮೊದಲನೆಯ ಗೆರೆಯಷ್ಟು ಉದ್ದ ಇದೆ ಹೇಳಿ ಎಂಬ ಪ್ರಶ್ನೆ. ಚಿಕ್ಕ ಮಗುವೂ ಹೇಳಬಹುದು. ಆದರೆ ಕೋಣೆಯಲ್ಲಿ ಕೂತ ಏಳೆಂಟು ಜನರಲ್ಲಿ ಒಬ್ಬನ ಹೊರತು ಉಳಿದವರೆಲ್ಲ ಮೊದಲೇ ಹೇಳಿಕೊಟ್ಟಂತೆ ಬೇಕೆಂದೇ ತಪ್ಪು ಉತ್ತರ ಹೇಳುತ್ತಾರೆ. ಆ ಒಬ್ಬ ಏನು ಮಾಡುತ್ತಾನೆ ಎಂಬುದೇ ಪರೀಕ್ಷೆ. ಹಾಗೆ ಒತ್ತಡ ತಂದಾಗ ಬಂದ ಉತ್ತರಗಳಲ್ಲಿ ಸುಮಾರು ಮೂರನೇ ಒಂದು ಭಾಗ ಗುಂಪಿನ ಹಿಂದೆ ಹೋದ ತಪ್ಪು ಉತ್ತರಗಳು. ನಾಲ್ವರಲ್ಲಿ ಮೂವರು ಒಮ್ಮೆಯಾದರೂ ಕಣ್ಣಿಗೆ ಕಂಡದ್ದನ್ನು ಬಿಟ್ಟು ಗುಂಪಿನ ಮಾತಿಗೆ ತಲೆಬಾಗಿದರು. ಅಲ್ಲಿದ್ದವರು ಅಣ್ಣನಲ್ಲ, ಮಾವನಲ್ಲ, ಗುರುತು ಪರಿಚಯವಿಲ್ಲದ ವಿದ್ಯಾರ್ಥಿಗಳು. ವಿಷಯ ಜಾತಿಯಲ್ಲ, ಧರ್ಮವಲ್ಲ, ಬರೀ ಗೆರೆ.

ಈ ಪ್ರಯೋಗದ ಈ ಅರ್ಧವನ್ನು ಎಲ್ಲರೂ ಹೇಳುತ್ತಾರೆ, ಮನುಷ್ಯ ಎಷ್ಟು ದುರ್ಬಲ ಎಂದು ನಿಟ್ಟುಸಿರಿಡುತ್ತಾರೆ. ಇನ್ನರ್ಧ ಹೇಳುವವರು ಕಡಿಮೆ. ಆಶ್ ಆ ಗುಂಪಿನಲ್ಲಿ ಸರಿಯಾದ ಉತ್ತರ ಹೇಳುವ ಒಬ್ಬನನ್ನು ಸೇರಿಸಿದರು. ಒಬ್ಬನೇ ಒಬ್ಬ. ತಲೆಬಾಗುವಿಕೆ ಮೊದಲಿದ್ದುದರ ನಾಲ್ಕನೇ ಒಂದು ಭಾಗಕ್ಕೆ ಇಳಿಯಿತು. ಆಮೇಲೆ ಆ ಜೊತೆಗಾರ ನಡುವೆ ಗುಂಪಿನ ಕಡೆಗೆ ಹೊರಳಿಬಿಡುವಂತೆ ಮಾಡಿದರು. ಇವನ ಧೈರ್ಯ ಕುಸಿಯಿತು, ಹೆಚ್ಚುಕಡಿಮೆ ಮೊದಲಿನಷ್ಟೇ ತಪ್ಪುಗಳು. ಇನ್ನೊಂದು ಸಲ, ಆ ಜೊತೆಗಾರ ಏನೋ ಕೆಲಸ ಇದೆ ಎಂದು ಎದ್ದು ಹೊರಗೆ ಹೋಗುವಂತೆ ಮಾಡಿದರು. ಈಗ ಧೈರ್ಯ ಅಷ್ಟು ಕುಸಿಯಲಿಲ್ಲ. ಜೊತೆಗಾರ ಕೋಣೆಯಲ್ಲಿ ಇಲ್ಲದಿದ್ದರೂ ಅವನ ಮಾತು ಇವನ ಜೊತೆಗಿತ್ತು.

ಜೊತೆಯಲ್ಲಿ ಒಪ್ಪಿದವರು ಹೊರಳಿಕೊಂಡಾಗ ಮನುಷ್ಯನಿಗೆ ಏನಾಗುತ್ತದೆ ಎಂಬುದು ಈ ಪ್ರಯೋಗದಿಂದ ತಿಳಿದ ಮೇಲೆ, ಕಾಟ್ಸ್‌ಲೋ ಸಭೆಯ ನಂತರವೂ ನೌಡೆ ನಿಂತ ನಿಲುವು ಎಷ್ಟು ಅಪರೂಪದ್ದು ಎಂದು ನನಗೆ ಮನವರಿಕೆಯಾಯಿತು. ಎಲ್ಲರಿಂದಲೂ ಅದನ್ನು ಬಯಸಲಾಗದು. ಆದರೆ ಎರಡನೆಯ ದನಿಯಾಗುವುದು ನಮ್ಮಲ್ಲಿ ಬಹಳ ಜನರ ಕೈಯಲ್ಲಿ ಆಗುವ ಕೆಲಸ.

ಈ ಮಾತಿಗೆ ಒಂದು ಎಚ್ಚರಿಕೆಯನ್ನೂ ಸೇರಿಸಬೇಕು. ಸುಮ್ಮನಿರುವವರೆಲ್ಲ ಹೇಡಿಗಳು ಎಂಬ ಭಾಷಣ ನನಗೆ ಒಪ್ಪಿಗೆಯಿಲ್ಲ. ಮಾತಿನ ಬೆಲೆ ಎಲ್ಲರಿಗೂ ಒಂದೇ ಅಲ್ಲ. ಬಾಡಿಗೆ ಮನೆ ಸಿಗುವುದೇ ದುಸ್ತರವಾದ ಸಮುದಾಯದವನು ಓನರ್ ಮುಂದೆ ನುಂಗಿಕೊಳ್ಳುವ ಮಾತು ಬೇರೆ, ನಾಲ್ಕು ಮನೆ ಇದ್ದು ಬಾಡಿಗೆ ಎಣಿಸುವವನು ನುಂಗಿಕೊಳ್ಳುವ ಮಾತು ಬೇರೆ. ದಿನಗೂಲಿಯ ಹೆಣ್ಣುಮಗಳು ಮೇಸ್ತ್ರಿಯ ಎದುರು ಮಾತಾಡಿದರೆ ಆ ದಿನದ ಒಲೆ ಉರಿಯುವುದಿಲ್ಲ. ಪಿಂಚಣಿ ಖಾತರಿಯಿರುವ ನನ್ನಂಥವನು ಬಂಧುಗಳ ಮುಂದೆ ಮಾತಾಡಿದರೆ ಒಂದು ಹಬ್ಬದ ಊಟ ತಪ್ಪಬಹುದು, ಇನ್ನೇನೂ ಹೋಗುವುದಿಲ್ಲ. ಕಡಿಮೆ ಬೆಲೆ ತೆರಬೇಕಾದವರೇ ಮೊದಲು ಮಾತಾಡಬೇಕು. ನಮ್ಮಲ್ಲಿ ಇದು ತಲೆಕೆಳಗಾಗಿದೆ. ಎಲ್ಲವನ್ನೂ ಕಳೆದುಕೊಳ್ಳಬಹುದಾದವರು ಬೀದಿಯಲ್ಲಿ ಕೂಗುತ್ತಿದ್ದಾರೆ, ಏನೂ ಕಳೆದುಕೊಳ್ಳದವರು ‘ನಮಗ್ಯಾಕೆ ಊರ ಉಸಾಬರಿ’ ಎನ್ನುತ್ತಿದ್ದಾರೆ.

ಹೇಗೆ ಮಾತಾಡಬೇಕು ಎಂದು ಕಿರಿಯರು ಕೇಳುತ್ತಾರೆ. ಉದ್ದದ ಭಾಷಣ ಬೇಕಾಗಿಲ್ಲ. ಮನೆಯ ಹಿರಿಯರು ಫೋನಿನಲ್ಲಿ ಬಂದ ಯಾವುದೋ ಸುದ್ದಿ ತೋರಿಸಿ ‘ಆ ಜನವೇ ಹಾಗೆ’ ಅಂದಾಗ, ‘ದೊಡ್ಡಪ್ಪ, ನನಗೆ ಹಾಗನ್ನಿಸುವುದಿಲ್ಲ’ ಅಂದರೆ ಸಾಕು. ಅವರ ವಯಸ್ಸಿಗೆ ಕೊಡಬೇಕಾದ ಮರ್ಯಾದೆ ಕೊಟ್ಟೇ ಆ ಮಾತು ಹೇಳಬಹುದು. ‘ಇದು ಎಲ್ಲಿ ಆದದ್ದು, ನಿಮಗೆ ಯಾರು ಹೇಳಿದರು’ ಅಂತ ಕೇಳಬಹುದು. ಗೆಲ್ಲಲೇಬೇಕೆಂದು ಹೊರಟರೆ ಜಗಳ ಆಗುತ್ತದೆ, ಆ ಜಗಳದಲ್ಲಿ ಮುಖ್ಯವಾದ ಮಾತು ತಪ್ಪಿಹೋಗುತ್ತದೆ. ಆ ಕೋಣೆಯಲ್ಲಿ ನಮ್ಮ ಹಾಗೆಯೇ ಅನ್ನಿಸಿ ಸುಮ್ಮನೆ ಕೂತವರು ಒಬ್ಬಿಬ್ಬರಾದರೂ ಇರುತ್ತಾರೆ. ನಾವು ಮಾತಾಡುವುದು ಅವರಿಗಾಗಿ. ಅತ್ತೆ ಅಡುಗೆಮನೆಯಿಂದ ಕೇಳಿಸಿಕೊಳ್ಳುತ್ತಿರುತ್ತಾರೆ, ಹತ್ತನೇ ಕ್ಲಾಸಿನ ಹುಡುಗ ಬಾಗಿಲ ಹತ್ತಿರ ನಿಂತಿರುತ್ತಾನೆ. ನಮ್ಮ ಮನೆಯಲ್ಲಿ ಇನ್ನೊಂದು ಅಭಿಪ್ರಾಯವೂ ಇದೆ ಎಂದು ಅವನಿಗೆ ತಿಳಿಯುತ್ತದೆ.

ನನಗೆ ಹತ್ತಿರದಿಂದ ಗೊತ್ತಿರುವ ಒಂದು ಬಡಾವಣೆಯ ನಿವಾಸಿಗಳ ಸಂಘದಲ್ಲಿ ನಡೆದದ್ದನ್ನು ಹೇಳುತ್ತೇನೆ. ಮನೆ ಬಾಡಿಗೆಗೆ ಕೊಡುವಾಗ ‘ನಮ್ಮ ವಾತಾವರಣಕ್ಕೆ ಹೊಂದುವವರಿಗೆ’ ಮಾತ್ರ ಕೊಡಬೇಕು ಎಂಬ ಸೂಚನೆಯನ್ನು ಪದಾಧಿಕಾರಿಗಳು ಸಭೆಯ ಮುಂದಿಟ್ಟರು. ಯಾರಿಗೆ ಕೊಡಬಾರದು ಎಂದು ಬಾಯಿಬಿಟ್ಟು ಹೇಳುವ ಅಗತ್ಯವಿರಲಿಲ್ಲ, ಎಲ್ಲರಿಗೂ ತಿಳಿದಿತ್ತು. ಎಲ್ಲರಿಗೂ ಒಪ್ಪಿಗೆ ತಾನೇ ಎಂದು ಕೇಳಿ, ಮುಂದಿನ ವಿಷಯಕ್ಕೆ ಹೋಗಲು ಕಾರ್ಯದರ್ಶಿ ಹಾಳೆ ತಿರುಗಿಸಿದರು. ಹಿಂದಿನ ಸಾಲಿನಲ್ಲಿ ಕೂತಿದ್ದ ಬ್ಯಾಂಕ್ ಉದ್ಯೋಗಿ ಹೆಣ್ಣುಮಗಳೊಬ್ಬರು ಎದ್ದು, ‘ನನಗೆ ಒಪ್ಪಿಗೆ ಇಲ್ಲ ಸಾರ್, ನಡಾವಳಿಯಲ್ಲಿ ಬರ್ಕೊಳ್ಳಿ’ ಎಂದರು. ಯಾಕಮ್ಮ ಎಂದು ಯಾರೋ ಕೇಳಿದರು. ‘ಬಾಡಿಗೆ ಕಟ್ಟುತ್ತಾರಾ, ಅಕ್ಕಪಕ್ಕದವರಿಗೆ ತೊಂದರೆ ಕೊಡದೆ ಇರುತ್ತಾರಾ ಅಂತ ನೋಡೋಣ, ಹೆಸರು ನೋಡಿ ಬೇಡ ಅನ್ನೋದು ನ್ಯಾಯ ಅಲ್ಲ’ ಎಂದರು, ಕೂತರು. ಸಭೆ ಒಂದು ಕ್ಷಣ ತಬ್ಬಿಬ್ಬಾ‌ಯಿತು. ಆಗ ಮುಂದಿನ ಸಾಲಿನಿಂದ, ಸಂಘಕ್ಕೆ ಹಣ ಕೊಟ್ಟು ಕಟ್ಟಡ ಎಬ್ಬಿಸಿದ್ದ ವಯೋವೃದ್ಧರೊಬ್ಬರು, ಪ್ರತಿದಿನ ಬೆಳಿಗ್ಗೆ ದೇವಸ್ಥಾನಕ್ಕೆ ಹೋಗುವವರು, ‘ನನ್ನ ಹೆಸರೂ ಬರ್ಕೊಳ್ಳಪ್ಪ’ ಎಂದರು. ಅವರ ಹಿಂದೆ ಇನ್ನೂ ಐದಾರು ಕೈ ಎದ್ದವು. ಕಾರ್ಯದರ್ಶಿಯವರು ಹೆಸರುಗಳನ್ನು ಬರೆದುಕೊಂಡರು, ವಿಷಯವನ್ನು ಮುಂದಿನ ಸಭೆಗೆ ಹಾಕಲಾಗಿದೆ ಎಂದರು.

ಮುಂದಿನ ಸಭೆಯ ತಿಳಿವಳಿಕೆ ಪತ್ರ ಬಂದಾಗ ಅದರಲ್ಲಿ ನೀರಿನ ಟ್ಯಾಂಕಿನ ರಿಪೇರಿ ಇತ್ತು, ಬೀದಿದೀಪ ಇತ್ತು, ಆ ವಿಷಯ ಇರಲಿಲ್ಲ.